ತೊಗಟೆ ತೊಟ್ಟ ಮನೆ

ಜುಟ್ಟಿಗೆ ಮಲ್ಲಿಗೆ ಮುಡಿದವರೆಲ್ಲ ಹೊಟ್ಟೆಗೆ ಹಿಟ್ಟಿಲ್ಲ ಎಂದು ಹೇಳಿಕೊಂಡು ತಿರುಗುವ ಕಾಲವೂ ಒಂದು ಬರುತ್ತದೆ. ಓಹಾಯೋ ನದಿಯ ಉತ್ತರ ದಂಡೆಯ ಟರ್ಕಿ ಫೋರ್ಕ್ ಎಂಬ ಊರಿಗೆ ಅದು ಬಂದದ್ದು ಸಾವಿರದ ಎಂಟುನೂರ ನಲವತ್ತನೆಯ ಇಸವಿಯಲ್ಲಿ. ಆಗ ಕೆಟುರಾ ಕ್ರ್ಯಾಂಡಲ್‌ಳ ಹೊಸ ಮನೆಗೆ ಗಾಜಿನ ಕಿಟಕಿ ಕೂತು ಇನ್ನೂ ವರ್ಷ ತುಂಬಿರಲಿಲ್ಲ.

ಕಿಟಕಿಯ ಮಾತು ಮೊದಲು ಆಗಿಬಿಡಲಿ. ಮದುವೆಯಾಗಿ ಬಂದಂದಿನಿಂದ ಸುಮಾರು ಇಪ್ಪತ್ತು ವರ್ಷ ಕೆಟುರಾ ಬದುಕಿದ್ದು ಒರಟು ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ, ಸಂದಿಗೆ ಮಣ್ಣು ಮೆತ್ತಿ ಕಟ್ಟಿದ ಗುಡಿಸಲಲ್ಲಿ. ಮಣ್ಣಿನ ನೆಲ, ಒಂದು ಬಾಗಿಲು, ಕಿಟಕಿ ಎಂಬ ಹೆಸರಿನ ಒಂದು ತೂತು. ತೂತಿಗೆ ಹಂದಿಕೊಬ್ಬು ಸವರಿದ ಕಾಗದ. ಚಳಿಗಾಲದಲ್ಲಿ ಬಾಗಿಲು ಮುಚ್ಚಿದರೆ ಬೆಚ್ಚಗೆ, ಆದರೆ ಕತ್ತಲೆ. ತೆರೆದರೆ ಬೆಳಕು, ಅದರ ಜೊತೆಗೆ ಹಿಮ. ಎರಡೂ ಬೇಕೆನ್ನುವವರಿಗೆ ಅಲ್ಲಿ ಜಾಗವಿರಲಿಲ್ಲ. ಅವಳೋ ಹೊಲಿಗೆಯವಳು, ಊರಿನ ಅರ್ಧ ಗಂಡಸರ ಅಂಗಿ ಅವಳ ಕೈಯದು. ನಲವತ್ತು ದಾಟಿದ ಮೇಲೆ ಕಣ್ಣೊಳಗಿನ ಮಸೂರ ಪೆಡಸಾಗುತ್ತದೆ, ಹತ್ತಿರದ್ದನ್ನು ನೋಡಲು ಬೆಳಕು ಹೆಚ್ಚು ಬೇಕಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸೂಜಿಯನ್ನು ದೂರ ಹಿಡಿದಷ್ಟೂ ಅದರ ಕಣ್ಣು ಚೆನ್ನಾಗಿ ಕಾಣುತ್ತದೆ, ಆದರೆ ವಯಸ್ಸಾದಂತೆ ಕೈ ಉದ್ದವಾಗುವುದಿಲ್ಲ ಎಂಬುದನ್ನು ಮಾತ್ರ ಅವಳೇ ಕಂಡುಕೊಂಡಿದ್ದಳು.

ಗಂಡ ಅಸಾಹೆಲ್‌ನದು ಹೊಳೆಯ ನೀರಿನ ಚಕ್ರದಿಂದ ತಿರುಗುವ ಸಾಮಿಲ್ಲು. ದೇಶ ಬೆಳೆಯುತ್ತಿತ್ತು. ಪಶ್ಚಿಮಕ್ಕೆ ಗಾಡಿ ಹೊಡೆದುಕೊಂಡು ಹೋಗುವವರಿಗೆಲ್ಲ ಹಲಗೆ ಬೇಕಿತ್ತು. ಊರಿಗೆಲ್ಲ ಹಲಗೆ ಕೊಯ್ದುಕೊಟ್ಟು, ಕೊನೆಗೊಮ್ಮೆ ಅವನು ತನ್ನ ಮನೆಗೂ ಕೊಯ್ದುಕೊಂಡ. ಬಿಳಿ ಬಣ್ಣ ಬಳಿದ ಹಲಗೆಯ ಗೋಡೆ, ಕಾಲಿಗೆ ಸಿಬಿರು ಚುಚ್ಚದ ಹಲಗೆಯ ನೆಲ, ದಕ್ಷಿಣಕ್ಕೆ ಒಂದು ದೊಡ್ಡ ಕಿಟಕಿ. ಅದರ ಗಾಜು ಪಿಟ್ಸ್‌ಬರ್ಗಿನಿಂದ ಹುಲ್ಲಿನಲ್ಲಿ ಸುತ್ತಿಕೊಂಡು ದೋಣಿಯಲ್ಲಿ ಬಂದಿತ್ತು. ಕಿಟಕಿ ಕೂರಿಸಿದ ದಿನ ಕೆಟುರಾ ಅದರ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಮೊದಲ ಯತ್ನಕ್ಕೇ ಸೂಜಿಗೆ ದಾರ ಪೋಣಿಸಿದಳು. ತನ್ನ ಕೈಯ ಹಿಂಬದಿಯಲ್ಲಿ ಕಂದು ಚುಕ್ಕೆಗಳು ಎದ್ದಿರುವುದನ್ನೂ ಅವತ್ತೇ ಮೊದಲು ಕಂಡಳು. ಕಂಡು ಖುಷಿಪಟ್ಟಳು. ಕಾಣುವುದೇ ದೊಡ್ಡದು.

ಅಸಾಹೆಲ್ ಆ ಸಂಭ್ರಮದಲ್ಲಿ ಊರನ್ನೆಲ್ಲ ಕರೆದು, ಹಂದಿ ಸುಟ್ಟು ಬಡಿಸಿ, ಹಳೆಯ ಗುಡಿಸಲಿಗೆ ತನ್ನ ಕೈಯಾರೆ ಬೆಂಕಿಯಿಟ್ಟ.

ಇದಾದ ಮೇಲಿನ ಮೇ ತಿಂಗಳಲ್ಲಿ ಮೇಜರ್ ಸ್ಪ್ರೇಗ್ ಬಂದರು. ಅವರು ಜಿಲ್ಲಾ ಪೇಟೆಯ ವಕೀಲರು, ವಿಗ್ ಪಕ್ಷದ ಮುಖಂಡರು. ಯಾವ ಯುದ್ಧದಲ್ಲಿ ಮೇಜರ್ ಆಗಿದ್ದಿರಿ ಎಂದು ಯಾರಾದರೂ ಕೇಳಿದರೆ ಅವರಿಗೆ ಕೆಮ್ಮು ಬರುತ್ತಿತ್ತು. ಆ ವರ್ಷ ಅವರ ಪಕ್ಷ ಒಬ್ಬ ಮುದಿ ಜನರಲ್‌ರನ್ನು ದೇಶದ ಅಧ್ಯಕ್ಷ ಪದವಿಗೆ ನಿಲ್ಲಿಸಿತ್ತು. ಎದುರು ಪಕ್ಷವಾದ ಡೆಮೋಕ್ರಾಟರ ಪತ್ರಿಕೆಯೊಂದು, ಆ ಮುದುಕನಿಗೆ ಒಂದು ಪೀಪಾಯಿ ಸೇಬಿನ ಮದ್ಯ ಕೊಟ್ಟರೆ ಸಾಕು, ದಿಮ್ಮಿ ಗುಡಿಸಲಲ್ಲಿ ಬಿದ್ದುಕೊಂಡಿರುತ್ತಾನೆ ಎಂದು ಹೀಯಾಳಿಸಿತು. ವಿಗ್ಗರು ಬೈಗುಳವನ್ನೇ ಬಾವುಟ ಮಾಡಿಕೊಂಡರು. ಹೌದು, ನಾವು ಗುಡಿಸಲವರೇ ಎಂದರು. ಜನ ಹುಚ್ಚೆದ್ದು ಕುಣಿದರು. ಅಲ್ಲಿಂದ ಮುಂದೆ ಗುಡಿಸಲಲ್ಲಿ ಹುಟ್ಟದವನಿಗೆ ನಾಯಿ ಹಿಡಿಯುವ ಕೆಲಸವೂ ಸಿಗುವುದು ಕಷ್ಟವಾಯಿತು.

"ಅಸಾಹೆಲ್, ನಿನ್ನನ್ನ ರಾಜ್ಯದ ಶಾಸನಸಭೆಗೆ ನಿಲ್ಲಿಸೋದು ಅಂತ ತೀರ್ಮಾನ ಆಗಿದೆ" ಎಂದರು ಮೇಜರ್, ಕುದುರೆಯಿಂದ ಇಳಿಯುತ್ತ. "ಎಲ್ಲಿ, ನಿನ್ನ ಗುಡಿಸಲು ತೋರ್ಸು."

"ಗುಡಿಸಲಾ? ಅದನ್ನ ಸುಟ್ಟುಹಾಕಿದೀನಲ್ಲ ಮೇಜರ್ ಸಾಹೇಬ್ರೇ."

"ಸುಟ್ಟೆ?"

"ಹೂಂ. ಊರೋರಿಗೆಲ್ಲ ಹಂದಿ ಸುಟ್ಟು ಊಟ ಹಾಕ್ದೆ ಅವತ್ತು."

"ಅವತ್ತು ನೀನು ಸುಟ್ಟಿದ್ದು ಹಂದಿನಲ್ಲಯ್ಯಾ, ಶಾಸನಸಭೆ ಕುರ್ಚಿನ." ಮೇಜರ್ ಬಿಳಿ ಗೋಡೆಯನ್ನು ಕುಷ್ಠ ಕಂಡವರಂತೆ ನೋಡಿದರು. "ಇದೇನಿದು, ಬಣ್ಣ ಬೇರೆ. ಹಲಗೆ ಬೇರೆ. ಅಯ್ಯಯ್ಯೋ, ಗಾಜು."

ಬಾಗಿಲಲ್ಲಿ ನಿಂತಿದ್ದ ಕೆಟುರಾ ಕೇಳಿದಳು. "ಮೇಜರ್ ಸಾಹೇಬ್ರು ಎಂಥಾ ಗುಡಿಸಲಲ್ಲಿರೋದು?"

"ನಮ್ಮದು ಇಟ್ಟಿಗೆ ಮನೆ ತಾಯಿ. ಆದ್ರೆ ನಾನು ಚುನಾವಣೆಗೆ ನಿಲ್ತಿಲ್ವಲ್ಲ."

ಅಸಾಹೆಲ್ ಕೆಟ್ಟವನಲ್ಲ. ಆದರೆ ಹೊಗಳಿಕೆಯ ಗಾಳಿ ಸೋಕದೆ ನಲವತ್ತೈದು ವರ್ಷ ಬದುಕಿದವನಿಗೆ ಅದು ಒಮ್ಮೆಲೇ ಬೀಸಿದರೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಅವನ ಕಣ್ಣು ಅಂಗಳ ದಾಟಿ, ಸಾಮಿಲ್ಲಿನ ಪಕ್ಕದ ರಾಶಿಯ ಮೇಲೆ ಹೋಯಿತು. ದುಂಡು ದಿಮ್ಮಿಯನ್ನು ಹಲಗೆಯಾಗಿ ಕೊಯ್ಯುವಾಗ ಮೊದಲ ಸೀಳಿಗೆ ಒಂದು ಹೋಳು ಬೀಳುತ್ತದೆ. ಒಳಬದಿ ಚಪ್ಪಟೆ, ಹೊರಬದಿ ಉಬ್ಬು, ಮೈತುಂಬ ತೊಗಟೆ. ಯಾತಕ್ಕೂ ಬಾರದ ಹೋಳು ಅದು. ಬೇಕಾದವರು ಸೌದೆಗೆ ಹೊತ್ತೊಯ್ಯುತ್ತಿದ್ದರು.

"ಮೇಜರ್ ಸಾಹೇಬ್ರೇ," ಎಂದ ಅಸಾಹೆಲ್ ನಿಧಾನವಾಗಿ, "ಆ ಹೋಳನ್ನ ಗೋಡೆ ಮೇಲೆ ಸಾಲಾಗಿ ಮೊಳೆ ಹೊಡೆದ್ರೆ, ರಸ್ತೆಯಿಂದ ನೋಡೋರಿಗೆ ಥೇಟ್ ದಿಮ್ಮಿ ಗುಡಿಸಲು ಕಂಡಂಗೆ ಕಾಣತ್ತೆ."

ಮೇಜರ್ ಅವನನ್ನು ತಬ್ಬಿಕೊಂಡರು. "ಇಂಥಾ ತಲೆ ಶಾಸನಸಭೇಲಿ ಇಲ್ಲದೇನೇ ದೇಶ ಹಿಂಗಾಗಿರೋದು."

ಅವರು ಹೋದ ಮೇಲೆ ಕೆಟುರಾ ಗಂಡನನ್ನು ಹಿಡಿದು ನಿಲ್ಲಿಸಿದಳು.

"ಕಿಟಕಿ?"

"ಗುಡಿಸಲಿಗೆ ಗಾಜಿನ ಕಿಟಕಿ ಇರುತ್ತೇನೇ? ಅದನ್ನೂ ಮುಚ್ಚಬೇಕು. ಒಂದು ಸಣ್ಣ ತೂತು ಬಿಡೋಣ. ಎಣ್ಣೆಕಾಗದ ಅಂಟಿಸಿದ್ರಾಯ್ತು."

"ಏನ್ರೀ, ಇಪ್ಪತ್ತು ವರ್ಷ ಕಾದಿದೀನಿ ನಾನು."

"ಇನ್ನೈದು ತಿಂಗಳು ಕಾದ್ರೆ ಕಣ್ಣು ಹೋಗ್ಬಿಡತ್ತಾ? ಅಕ್ಟೋಬರ್‌ನಲ್ಲಿ ಚುನಾವಣೆ. ಮುಗಿದ ಮಾರನೇ ದಿನ ನಾನೇ ಹಾರೆ ಹಿಡಿದು ಕೀಳ್ತೀನಿ. ಬೈಬಲ್ ಮುಟ್ಟಿ ಹೇಳ್ಲಾ?"

ಮುಟ್ಟಿ ಹೇಳು ಎಂದಳು. ಮುಟ್ಟಿ ಹೇಳಿದ.

ಹೋಳು ಹೊಡೆಯಲು ಬಂದವನು ಬಡಗಿ ನೇಥನ್ ಪೆಟಿಫೋರ್ಡ್. ಆ ಕಿಟಕಿಯ ಚೌಕಟ್ಟನ್ನು ಕೆತ್ತಿ ಕೂರಿಸಿದವನೂ ಅವನೇ. ಅವನೂ ಹೆಂಡತಿ ಚಾರಿಟಿಯೂ ವರ್ಜೀನಿಯಾದಿಂದ ಬಂದ ಸ್ವತಂತ್ರ ಕರಿಯರು. ಊರಿನ ಕೊನೆಯಲ್ಲಿ ಅವರ ಬಿಡಾರ. ಕಿಟಕಿಯನ್ನು ಕಳಚುವಾಗ ಅವನು ಮಲಗಿದ ಮಗುವನ್ನು ಎತ್ತಿದಂತೆ ಎತ್ತಿದ.

"ನೇಥನ್, ನಿನಗೇನನ್ಸತ್ತೆ?" ಎಂದಳು ಕೆಟುರಾ.

"ನನಗೇನು ಅನ್ಸೋದು ಅಮ್ಮಾವ್ರೇ. ನಾನೂ ದಿಮ್ಮಿ ಗುಡಿಸಲಲ್ಲೇ ಇರೋನು. ನಿಜವಾದ್ದು. ಹನ್ನೆರಡು ವರ್ಷದಿಂದ." ಅವನು ಬಾಯಿಂದ ಮೊಳೆ ತೆಗೆದು ಗೋಡೆಗೆ ಹಿಡಿದ. "ಮೇಜರ್ ಸಾಹೇಬ್ರು ನಮ್ಮನೆ ಮುಂದೇನೇ ಕುದುರೆ ಮೇಲೆ ಹೋದ್ರು. ತಿರುಗಿ ಕೂಡ ನೋಡ್ಲಿಲ್ಲ."

ಕರಿಯರಿಗೆ ಆ ರಾಜ್ಯದಲ್ಲಿ ಮತವೇ ಇರಲಿಲ್ಲ. ಅವರ ಗುಡಿಸಲಿನಿಂದ ಯಾರಿಗೂ ಉಪಯೋಗವಿರಲಿಲ್ಲ.

ವಾರದೊಳಗೆ ಬಿಳಿ ಮನೆ ಕಂದು ಗುಡಿಸಲಾಯಿತು. ಒಳಗೆ ಹಗಲು ಎಂಬುದು ಗೋಡೆಯ ಮೇಲಿನ ಅಂಗೈಯಗಲದ ಹಳದಿ ಕಲೆಯಾಯಿತು. ಎದುರಿನ ಕುಲುಮೆಯ ಹ್ಯಾಚ್ ಹುಟ್ಟು ಡೆಮೋಕ್ರಾಟ. ಅವನು ಸುತ್ತಿಗೆ ಕೆಳಗಿಟ್ಟು ಬಂದು, ಸೊಂಟದ ಮೇಲೆ ಕೈಯಿಟ್ಟು ನೋಡಿದ.

"ಏನಯ್ಯಾ ಅಸಾಹೆಲ್, ಮನೆಗೆ ಚಳಿಜ್ವರವಾ? ಕಂಬಳಿ ಹೊದಿಸಿದೀಯ?"

"ಹೋಗಯ್ಯಾ ಹೋಗು. ನಿಮ್ಮ ಅಧ್ಯಕ್ಷ ವಾಷಿಂಗ್ಟನ್‌ನಲ್ಲಿ ಚಿನ್ನದ ಚಮಚದಲ್ಲಿ ತಿಂತಾನಂತೆ. ಅವನನ್ನ ಕೇಳು."

"ನಾನು ಕಂಡಿಲ್ಲಪ್ಪ ಅವನ ಚಮಚ. ನಿನ್ನ ಬಿಳಿ ಗೋಡೆ ಮಾತ್ರ ಕಂಡಿದ್ದೆ."

ಇಲ್ಲಿ ವಿಚಿತ್ರವೆಂದರೆ ಯಾರೂ ಮೋಸಹೋಗಿರಲಿಲ್ಲ. ಇಡೀ ಊರು ಗುಡಿಸಲು ಸುಟ್ಟದ್ದನ್ನು ನೋಡಿತ್ತು, ಹಂದಿ ತಿಂದಿತ್ತು, ಹೋಳು ಹೊಡೆಯುವಾಗ ಏಣಿ ಹಿಡಿದಿತ್ತು. ಆದರೂ ಆಗಸ್ಟಿನಲ್ಲಿ ಮೆರವಣಿಗೆ ಬಂದಾಗ ಅದೇ ಊರು ಆ ಮನೆಯ ಮುಂದೆ ನಿಂತು ಕಣ್ಣೀರು ಒರೆಸಿಕೊಂಡಿತು. ಸುಳ್ಳನ್ನು ನಂಬುವುದಕ್ಕೆ ಅದು ಸುಳ್ಳೆಂದು ಗೊತ್ತಿರುವುದು ಅಡ್ಡಿಯಾಗುವುದಿಲ್ಲ. ತಾವೇ ಸೇರಿ ಕಟ್ಟಿದ್ದಾದರೆ ಇನ್ನೂ ಸಲೀಸು.

ಮೆರವಣಿಗೆಯಲ್ಲಿ ಮೊದಲು ಬಂದದ್ದು ಚೆಂಡು. ಆಳೆತ್ತರಕ್ಕಿಂತ ದೊಡ್ಡದು, ತೊಗಲಿನ ಮೇಲೆ ಘೋಷಣೆ ಬರೆದದ್ದು. ಅದನ್ನು ಊರಿಂದೂರಿಗೆ ಉರುಳಿಸಿಕೊಂಡು ಬರುವುದೇ ಪಕ್ಷದ ಸಿದ್ಧಾಂತವಾಗಿತ್ತು. ಹಿಂದೆ ಮದ್ಯದ ಪೀಪಾಯಿಗಳ ಗಾಡಿ, ಅದರ ಹಿಂದೆ ಹಾಡುವವರು. ಮೇಜರ್ ಸ್ಪ್ರೇಗ್ ಕೆಟುರಾಳನ್ನು ಹರಕು ಏಪ್ರನ್ ಕಟ್ಟಿಸಿ ಹೊಸ್ತಿಲಲ್ಲಿ ನಿಲ್ಲಿಸಿದ್ದರು.

"ಬಂಧುಗಳೇ, ಈ ತಾಯಿಯನ್ನ ನೋಡಿ" ಎಂದರು ಪೀಪಾಯಿಯ ಮೇಲೆ ಹತ್ತಿ. "ಈ ಕತ್ತಲೆ ಗುಡಿಸಲಲ್ಲಿ ಕೂತು ದೇಶದ ಅಂಗಿ ಹೊಲಿದ ಕೈ ಇದು. ಈ ಗುಡಿಸಲಿನ ಬಾಗಿಲು ದೇಶಕ್ಕೆಲ್ಲ ತೆರೆದಿದೆ. ನನ್ನ ಮಾತು ಕೇಳಿ, ನಮ್ಮೆಲ್ಲರ ಮನೆಯ ಬಾಗಿಲೂ ಈ ತಾಯಿಗೆ ಹಗಲಿರುಳು ತೆರೆದಿರತ್ತೆ."

ಪೇಟೆಯ ಹೆಂಗಸೊಬ್ಬಳು ಬಂದು ತೊಗಟೆಯನ್ನು ಮುಟ್ಟಿ ಅತ್ತಳು. ಕೈಗೆ ಅಂಟು ಮೆತ್ತಿಕೊಂಡಿತು. ಕೆಟುರಾ ತನ್ನ ಏಪ್ರನ್‌ನಲ್ಲಿ ಒರೆಸಿಕೊಟ್ಟಳು.

ಆಗ ಗುಂಪಿನಿಂದ ಯಾರ ಮುಂದೆಯೂ ಟೊಪ್ಪಿ ತೆಗೆಯದ ಕ್ವೇಕರ್ ಪಂಥದ ರೈತನೊಬ್ಬ ಮುಂದೆ ಬಂದು ಕೇಳಿದ. "ಗೆಳೆಯಾ ಅಸಾಹೆಲ್, ಈ ಹೊಳೆಯಾಚೆ ಕೆಂಟಕಿಯಲ್ಲಿ ಮನುಷ್ಯರನ್ನ ದನದ ಹಾಗೆ ಮಾರ್ತಾರೆ. ಓಡಿಬಂದೋರನ್ನ ನಮ್ಮ ಅಂಗಳದಿಂದ ಎಳ್ಕೊಂಡು ಹೋಗ್ತಾರೆ. ಅದಕ್ಕೆ ನಿಮ್ಮ ಪಕ್ಷ ಏನನ್ನುತ್ತೆ?"

ಅಸಾಹೆಲ್ ಮೇಜರ್ ಕಡೆ ನೋಡಿದ. ಮೇಜರ್ ಆಕಾಶದ ಕಡೆ ನೋಡಿದರು.

"ನಾನು," ಎಂದ ಅಸಾಹೆಲ್, "ದಿಮ್ಮಿ ಗುಡಿಸಲೋನು."

ಜನ ಕೇಕೆ ಹಾಕಿದರು. ಬ್ಯಾಂಕುಗಳೆಲ್ಲ ಮುಳುಗುತ್ತಿವೆಯಲ್ಲ, ಅದಕ್ಕೇನು ಮಾಡುತ್ತೀರಿ ಎಂದು ಇನ್ನೊಬ್ಬ ಕೇಳಿದ. ಅಸಾಹೆಲ್‌ಗೆ ಈಗ ದಾರಿ ಸಿಕ್ಕಿತ್ತು. "ದಿಮ್ಮಿ ಗುಡಿಸಲೋನು ನಾನು" ಎಂದ ಇನ್ನೂ ಗಟ್ಟಿಯಾಗಿ. ಪೀಪಾಯಿ ತೆರೆಯಿತು. ಹೋಳೇನಾದರೂ ಕಳಚಿಬಿದ್ದರೆ ಇರಲಿ ಎಂದು ಸುತ್ತಿಗೆ ಹಿಡಿದು ಮನೆಯ ಮೂಲೆಯಲ್ಲಿ ನಿಂತಿದ್ದ ಪೆಟಿಫೋರ್ಡ್, ಸುತ್ತಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ.

ಅಕ್ಟೋಬರಿನಲ್ಲಿ ಅಸಾಹೆಲ್ ಗೆದ್ದ. ಮಾರನೆಯ ದಿನ ಕೆಟುರಾ ಹಾರೆಯನ್ನು ಒರೆಸಿ, ಅವನ ತಟ್ಟೆಯ ಪಕ್ಕದಲ್ಲಿ ಇಟ್ಟಳು.

ಅವನು ಜೋಳದ ರೊಟ್ಟಿಯನ್ನು ಬಹಳ ಹೊತ್ತು ಅಗಿದ. "ನೋಡು ಕೆಟುರಾ, ನಮ್ಮ ಸಭೆಗೆ ವರ್ಷವರ್ಷವೂ ಚುನಾವಣೆ. ಈಗ ಕಿತ್ತು ಬರೋ ಬೇಸಿಗೆಗೆ ಮತ್ತೆ ಹೊಡೆದ್ರೆ ಗೋಡೆ ತುಂಬ ತೂತು ಬೀಳತ್ತೆ."

"ಬೈಬಲ್ ಮುಟ್ಟಿದ್ರಿ."

"ಮುಟ್ಟಿದ್ದೆ. ಆದ್ರೆ ಯಾವ ಚುನಾವಣೆ ಅಂತ ಹೇಳಿರಲಿಲ್ಲ." ಹೀಗೆ ಹೇಳಿದಾಗ ಅವನು ಶಾಸಕನಾಗಿ ಇನ್ನೂ ಒಂದು ಹಗಲು ಕಳೆದಿರಲಿಲ್ಲ.

ನಿಜವಾದ ಕಾರಣ ಇನ್ನೊಂದಿತ್ತು. ಅಸಾಹೆಲ್ ಗೆದ್ದದ್ದೇ ತಡ, ಪೇಟೆಯ ದೊಡ್ಡವರಿಗೆಲ್ಲ ತೊಗಟೆಯ ರೋಗ ಹತ್ತಿತು. ವೈದ್ಯರು ಔಷಧದ ಅಂಗಡಿಯ ಮುಂಭಾಗಕ್ಕೆ ಹೋಳು ಬಡಿಸಿಕೊಂಡರು. ಬ್ಯಾಂಕಿನವರು ಕಂಬಗಳಿಗೆ ಸುತ್ತಿಸಿದರು. ನಿನ್ನೆಯವರೆಗೆ ಯಾರೂ ಮೂಸದಿದ್ದ ಹೋಳು ಹಲಗೆಗಿಂತ ದುಬಾರಿಯಾಯಿತು. ಒಳ್ಳೆಯ ತೊಗಟೆ ಬೇಕೆಂದು ಒಳ್ಳೆಯ ಮರಗಳನ್ನು ಕಡಿದು, ಸಿಪ್ಪೆಯನ್ನು ಮಾರಿ, ತಿರುಳನ್ನು ಒಲೆಗೆ ಹಾಕುವ ಸ್ಥಿತಿಗೆ ಸಾಮಿಲ್ಲು ಬಂತು. ಅಂಥಾ ಸಾಮಿಲ್ಲಿನ ಯಜಮಾನನ ಮನೆಯಿಂದಲೇ ತೊಗಟೆ ಇಳಿದರೆ ವ್ಯಾಪಾರ ಉಳಿದೀತೇ?

ಡಿಸೆಂಬರಿನಲ್ಲಿ ಅವನು ಸಭೆ ಸೇರುವ ರಾಜಧಾನಿ ಕೊಲಂಬಸ್ಸಿಗೆ ಹೊರಡಬೇಕಿತ್ತು. ಶಾಸಕರಿಗೆ ತಕ್ಕ ಕೋಟನ್ನು ಕೆಟುರಾ ಕೊಬ್ಬಿನ ದೀಪದಲ್ಲಿ ಹೊಲಿದಳು. ದೀಪ ಹೊಗೆ ಬಿಟ್ಟಷ್ಟು ಬೆಳಕು ಬಿಡುತ್ತಿರಲಿಲ್ಲ.

"ರೀ, ಈ ದಾರ ಕಂದಾ, ಕೆಂಪಾ?"

"ಕಂದೇ ಇರ್ಬೇಕು" ಎಂದ ಅಸಾಹೆಲ್, ನೋಡದೆ. ಅವನು ಕನ್ನಡಿಯ ಮುಂದೆ ನಿಂತು ಬಡವನಂತೆ ಕೈಮುಗಿಯುವುದನ್ನು ಅಭ್ಯಾಸ ಮಾಡುತ್ತಿದ್ದ. ಕನ್ನಡಿಯಲ್ಲೂ ಏನೂ ಕಾಣುತ್ತಿರಲಿಲ್ಲ.

ಅವನು ಹೋದ ಮೇಲೆ ಮನೆಯಲ್ಲಿ ಉಳಿದದ್ದು ಕೆಟುರಾ, ಮತ್ತು ಹುಳುಗಳು. ಹಸಿ ತೊಗಟೆಯೊಳಗೆ ಕೊರೆಹುಳು ಮೊಟ್ಟೆಯಿಡುತ್ತದೆ. ಮರಿಗಳು ಚಳಿಗಾಲವಿಡೀ ಒಳಗೇ ಕೂತು ತಿನ್ನುತ್ತವೆ. ಮನೆ ನಿಶ್ಶಬ್ದವಾಗಿದ್ದಾಗ ನಾಲ್ಕೂ ಗೋಡೆಗಳಿಂದ ಕರಕರ ಎನ್ನುವ ಸದ್ದು ಕೇಳುತ್ತಿತ್ತು. ತೊಗಟೆಗೂ ಹಲಗೆಗೂ ನಡುವೆ ನಿಂತ ಮಳೆನೀರು ಬಣ್ಣವನ್ನು ಬೊಬ್ಬೆಯೆಬ್ಬಿಸಿ ಒಳಗೆ ಇಳಿಯುತ್ತಿತ್ತು. ಅವಳು ಬಾಗಿಲು ತೆರೆದಿಟ್ಟು, ಕಾಲಿಗೆ ಕಂಬಳಿ ಸುತ್ತಿಕೊಂಡು, ಹಿಮದ ಗಾಳಿಯಲ್ಲಿ ಹೊಲಿಯುತ್ತ ಕೂತಳು. ಇಪ್ಪತ್ತು ವರ್ಷದ ಹಿಂದೆ ಎಲ್ಲಿದ್ದಳೋ ಅಲ್ಲೇ ಬಂದು ಕೂತಿದ್ದಳು. ಬೆರಳು ಮಾತ್ರ ಮೊದಲಿನಷ್ಟು ಬೇಗ ಬೆಚ್ಚಗಾಗುತ್ತಿರಲಿಲ್ಲ.

ಫೆಬ್ರವರಿಯ ಒಂದು ಬಿಸಿಲಿನ ಮಧ್ಯಾಹ್ನ, ಹೊಲಿದ ಅಂಗಿಗಳನ್ನು ತಲುಪಿಸಿ ಬರುವಾಗ, ಊರಿನ ಕೊನೆಯಲ್ಲಿ ಏನೋ ಮಿಂಚಿ ಕಣ್ಣು ಕೋರೈಸಿತು. ಪೆಟಿಫೋರ್ಡನ ಗುಡಿಸಲಿನ ದಕ್ಷಿಣ ಗೋಡೆಯಲ್ಲಿ ಅವಳ ಕಿಟಕಿ ಕೂತಿತ್ತು.

ಅವಳು ಕದ ತಟ್ಟದೆ ಒಳಗೆ ನುಗ್ಗಿದಳು. ಚಾರಿಟಿ ಪೆಟಿಫೋರ್ಡ್ ಕಿಟಕಿಯ ಕೆಳಗೆ ಕೂತು ಯಾರದೋ ಹಾಸಿಗೆ ಹೊದಿಕೆಗೆ ತೇಪೆ ಹಾಕುತ್ತಿದ್ದಳು. ತಲೆಯೆತ್ತಿ ನೋಡಿ, ಎದ್ದೇಳಲಿಲ್ಲ.

"ಇದು ನನ್ನ ಕಿಟಕಿ ಚಾರಿಟಿ."

"ಆಗಿತ್ತು. ನಿಮ್ಮ ಯಜಮಾನ್ರು ನೇಥನ್‌ಗೆ ಕೂಲಿ ಬದಲು ಕೊಟ್ರು. ನಿಮ್ಮನೆ ಬೆಳಕು ಮುಚ್ಚಿದ್ದಕ್ಕೆ ಕೂಲಿ ನಿಮ್ಮನೆ ಬೆಳಕೇ." ಚಾರಿಟಿ ದಾರ ಕಡಿದಳು. "ನೇಥನ್ ಕೇಳ್ದ, ಅಮ್ಮಾವ್ರಿಗೆ ಗೊತ್ತಾ ಅಂತ. ಗೊತ್ತು ಅಂದ್ರಂತೆ."

ಕೆಟುರಾ ಅಲ್ಲೇ ಇದ್ದ ಮುಕ್ಕಾಲಿಯ ಮೇಲೆ ಕೂತಳು. ಬಿಸಿಲು ಇಬ್ಬರ ಮಡಿಲಲ್ಲೂ ಬಿದ್ದಿತ್ತು. ಕೆಟುರಾ ತನಗರಿವಿಲ್ಲದೆ ಹೊದಿಕೆಯ ಇನ್ನೊಂದು ತುದಿ ಎತ್ತಿಕೊಂಡು, ಬಿಟ್ಟ ಹೊಲಿಗೆಯೊಂದನ್ನು ಹಾಕತೊಡಗಿದಳು.

"ನಾನು ದಿನಾ ಇಲ್ಲಿಗೆ ಬಂದು ಕೂತು ಹೊಲೀಲಾ?" ಎಂದಳು ಕೊನೆಗೆ. "ನಿನ್ನ ಕೆಲಸದಲ್ಲೂ ಕೈ ಹಾಕ್ತೀನಿ."

ಚಾರಿಟಿ ಅವಳನ್ನು ಸೀದಾ ನೋಡಿದಳು. "ಕ್ರ್ಯಾಂಡಲಮ್ಮಾ, ಕೆಳಗಿನ ಊರಲ್ಲಿ ಒಬ್ಬಳು ಬಿಳಿ ಹೆಂಗಸು ನಮ್ಮೋರ ಮಕ್ಕಳಿಗೆ ಅಕ್ಷರ ಹೇಳಿಕೊಡೋಕೆ ಬರ್ತಿದ್ಲು. ಊರೋರು ಆಯಮ್ಮನ್ನ ಏನೂ ಮಾಡ್ಲಿಲ್ಲ. ನಮ್ಮೋರ ಮನೇನೇ ಸುಟ್ರು. ನೀವು ಶಾಸಕರ ಹೆಂಡ್ತಿ. ಇಲ್ಲಿ ಬಂದು ಕೂತ್ರೆ ನಿಮಗೆ ಬೆಳಕು, ನಮಗೆ ಬೆಂಕಿ."

ಕೆಟುರಾ ಹೊದಿಕೆಯನ್ನು ಕೆಳಗಿಟ್ಟಳು. ತನ್ನ ಕಿಟಕಿಯ ಆಚೆ ನೋಡುವುದು ಅವಳಿಗೆ ಅದುವರೆಗೆ ಹೊಳೆದಿರಲಿಲ್ಲ. "ತಪ್ಪಾಯ್ತು" ಎಂದು ಎದ್ದಳು.

"ಕೂತ್ಕೊಳಿ, ಹಾಕ್ತಿದ್ದ ಹೊಲಿಗೆ ಮುಗಿಸಿ ಹೋಗಿ. ಅರ್ಧಕ್ಕೆ ಬಿಟ್ರೆ ಬಿಚ್ಚೋ ಕೆಲಸ ನಂದು." ಚಾರಿಟಿಯ ತುಟಿಯ ಮೂಲೆ ಸ್ವಲ್ಪ ಸಡಿಲಾಯಿತು. "ಒಂದು ಮಾತು ಕೇಳ್ಲಾ? ನಿಮ್ಮ ಕಿಟಕಿ ಮುಚ್ಚಿಸಿದ ಆ ಮೇಜರ್ ಮನೇಲಿ ಎಷ್ಟು ಕಿಟಕಿ?"

ಮತ್ತೆ ಕೂತಿದ್ದ ಕೆಟುರಾಳ ಸೂಜಿ ಗಾಳಿಯಲ್ಲೇ ನಿಂತಿತು. "ಸುಮಾರಿವೆ."

"ಅವರ ಮನೆ ಬಾಗಿಲು ನಿಮಗೆ ಹಗಲಿರುಳು ತೆರೆದಿರತ್ತಂತಲ್ಲ. ಅವತ್ತು ಪೀಪಾಯಿ ಮೇಲೆ ನಿಂತು ಕೂಗಿದ್ದು ಇಲ್ಲಿಗೂ ಕೇಳಿಸ್ತು."

ಮಾರ್ಚ್ ನಾಲ್ಕರಂದು ಮುದಿ ಜನರಲ್ ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸುವವರಿದ್ದರು. ಪೇಟೆಯಲ್ಲಿ ಮೇಜರ್ ಸ್ಪ್ರೇಗ್ ಪಕ್ಷದ ಗಣ್ಯರಿಗೆ ಅಂದೇ ಔತಣ ಇಟ್ಟುಕೊಂಡಿದ್ದರು. ಆ ಬೆಳಿಗ್ಗೆ ಕೆಟುರಾ ಆಗಸ್ಟಿನ ಹರಕು ಏಪ್ರನ್ ಕಟ್ಟಿಕೊಂಡು, ಹೊಲಿಗೆಯ ಬುಟ್ಟಿ ಹಿಡಿದು, ಪೇಟೆಗೆ ಹೋಳು ಸಾಗಿಸುವ ತಮ್ಮದೇ ಗಾಡಿಯ ಮೇಲೆ, ತೊಗಟೆಯ ರಾಶಿಯ ತುದಿಯಲ್ಲಿ ಕೂತು ಹೊರಟಳು.

ಮೇಜರರ ಹೆಂಡತಿ ಬಾಗಿಲು ತೆರೆದರು. ಬೇಸತ್ತ ಮುಖದ ಹೆಂಗಸು. ಮನೆಗೆ ಬರುವವರೆಲ್ಲ ಗಂಡಸರೇ, ಎಲ್ಲರೂ ಚುನಾವಣೆಯ ಮಾತನ್ನೇ ಆಡುವವರು.

"ನಾನು ಗುಡಿಸಲಿನ ತಾಯಿ" ಎಂದಳು ಕೆಟುರಾ. "ಬಾಗಿಲು ತೆರೆದಿರತ್ತೆ ಅಂದಿದ್ರು ನಿಮ್ಮ ಯಜಮಾನ್ರು. ನಮ್ಮನೇಲಿ ಕಾಣ್ಸಲ್ಲ. ಇಲ್ಲಿ ಕೂತು ಹೊಲ್ಕೋತೀನಿ."

ಅವರು ಅವಳನ್ನು ಮೇಲಿಂದ ಕೆಳಗೆ ನೋಡಿ, "ಒಳಗೆ ಬನ್ನಿ, ಹಂಗಾದ್ರೂ ಮಾತಾಡೋಕೆ ಒಬ್ರು ಸಿಕ್ರು" ಎಂದರು.

ಊಟದ ಕೋಣೆಗೆ ಮುಖ್ಯ ಬೀದಿಗೆ ತೆರೆದ ಎತ್ತರದ ಕಿಟಕಿಯಿತ್ತು. ಕೆಟುರಾ ಅದರ ಮುಂದೆ ಕೂತು, ದಪ್ಪ ಪರದೆಯನ್ನು ಪೂರ್ತಿ ಸರಿಸಿದಳು. ಎಂಥ ಬೆಳಕು. ಬಟ್ಟೆಯ ಒಂದೊಂದು ಎಳೆಯೂ ಬೇರೆಬೇರೆಯಾಗಿ ಕಂಡಿತು. ಅವಳ ಬೆನ್ನ ಹಿಂದೆ ಔತಣದ ಮೇಜು. ಅದರ ಮೇಲೆ ಸಾಲಾಗಿ ಇಟ್ಟ ಬೆಳ್ಳಿಯ ಚಮಚಗಳಿಗೂ ಅದೇ ಬೆಳಕು ಬಿತ್ತು.

ಬೀದಿಯಲ್ಲಿ ಹೋಗುವವರು ಮೊದಲು ಅವಳನ್ನು ಗುರುತಿಸಿದರು. ಆಮೇಲೆ ನಿಂತರು. ಆಮೇಲೆ ಅವಳ ಹಿಂದೆ ಏನಿದೆ ಎಂದು ನೋಡಿದರು. ಕುಲುಮೆಗೆ ಕಬ್ಬಿಣ ಕೊಳ್ಳಲು ಬಂದಿದ್ದ ಹ್ಯಾಚ್ ಗಾಜಿಗೆ ಮೂಗು ಒತ್ತಿದ.

"ಕೆಟುರಮ್ಮಾ, ಚಮಚ ಎಣಿಸ್ತಾ ಇದೀಯಾ?"

"ಇಲ್ಲಪ್ಪಾ, ಹೊಲೀತಾ ಇದೀನಿ. ಇಲ್ಲಿ ಬೆಳಕಿದೆ."

"ಚಿನ್ನದ್ದಾ ಅವು?"

"ಬೆಳ್ಳೀದು. ಪಾಪ, ಅವರೂ ಬಡವರೇ."

ನಗು ಬೀದಿಯುದ್ದಕ್ಕೂ ಹರಿಯಿತು. ಗುಂಪು ಬೆಳೆಯಿತು. ಔತಣಕ್ಕೆ ಬಂದ ಗಣ್ಯರು ಗುಂಪಿನ ನಡುವೆ ದಾರಿ ಮಾಡಿಕೊಂಡು ಬಂದು, ಒಳಗೆ ಕಿಟಕಿಯಲ್ಲಿ ಏಪ್ರನ್ ಕಂಡು, ನೆನಪಿಗೆ ಬಂದ ಬೇರೆ ಕೆಲಸದ ಕಡೆ ತಿರುಗಿ ನಡೆದರು. ಮೇಜರ್ ಸ್ಪ್ರೇಗ್ ಕೋಣೆಗೆ ಬಂದಾಗ ಅವರ ಮುಖ ಬೀಟ್‌ರೂಟಾಗಿತ್ತು.

"ಏನು ತಾಯಿ ಇದು? ಹಿಂಭಾಗದ ಕೋಣೇಲಿ ಕೂತ್ಕೊಳಿ. ಅಲ್ಲಿ ಬೆಂಕಿ ಇದೆ, ಬೆಚ್ಚಗಿರತ್ತೆ."

"ಅಲ್ಲಿ ಉತ್ತರದ ಬೆಳಕು ಸಾಹೇಬ್ರೇ. ಇದೇ ಚೆನ್ನಾಗಿದೆ."

"ಎಷ್ಟು ಹೊತ್ತು ಕೂತಿರ್ತೀರಿ?"

"ಇವತ್ತು ಸಂಜೆ ತನಕ. ನಾಳೆ ಬೆಳಿಗ್ಗೆನೇ ಬಂದ್ಬಿಡ್ತೀನಿ. ಹೋಳು ತರೋ ಗಾಡಿ ದಿನಾ ಇರತ್ತೆ."

ಮೇಜರ್ ಕೂತರು, ಎದ್ದರು. ಅವಳನ್ನು ಹೊರಗೆ ಹಾಕುವಂತಿರಲಿಲ್ಲ. ಗುಡಿಸಲಿನ ತಾಯಿಯನ್ನು ಇಟ್ಟಿಗೆ ಮನೆಯಿಂದ ಅಟ್ಟಿದರೆ ನಾಳೆಯ ಡೆಮೋಕ್ರಾಟ್ ಪತ್ರಿಕೆಗೆ ಹಬ್ಬ. ಒಳಗಿಟ್ಟುಕೊಂಡರೆ ಹಬ್ಬ ಇವತ್ತೇ. ವಕೀಲರಾದ್ದರಿಂದ ಅವರು ಎರಡೂ ಕಡೆಯ ವಾದವನ್ನು ಬೇಗ ಮುಗಿಸಿದರು.

"ನಿಮಗೆ ಬೇಕಾಗಿರೋದೇನು, ಹೇಳಿಬಿಡಿ."

"ಕಿಟಕಿ."

"ಕೊಡ್ಸೋಣ. ಪಿಟ್ಸ್‌ಬರ್ಗಿಗೆ ಹೇಳಿಕಳಿಸ್ತೀನಿ. ಹೊಳೆಯ ಮಂಜುಗಡ್ಡೆ ಕರಗಿ ದೋಣಿ ಓಡೋ ಹೊತ್ತಿಗೆ—"

"ಅಲ್ಲೀ ತನಕ ಇಲ್ಲೇ ಕೂತಿರ್ತೀನಿ. ಏನೂ ಅವಸರವಿಲ್ಲ." ಕೆಟುರಾ ಹೊಲಿಗೆಯಿಂದ ಕಣ್ಣೆತ್ತಲಿಲ್ಲ. "ಅವಸರ ನಿಮಗಿದ್ರೆ, ಇದೇ ಆದೀತು."

"ಯಾವುದು?"

"ಇದೇ. ನಾನು ಕೂತಿರೋ ಕಿಟಕಿ."

ಮೇಜರರ ಹೆಂಡತಿ ಬಾಗಿಲ ಬಳಿಯಿಂದ, "ಕೊಟ್ಬಿಡಿ ಅಂದ್ರೆ. ಅದರಿಂದ ಬರೀ ಧೂಳು" ಎಂದರು.

ಹೊರಗೆ ಹ್ಯಾಚ್ ಎಲ್ಲಿಂದಲೋ ಒಂದು ಪೀಪಾಯಿ ಸಂಪಾದಿಸಿ ಅದರ ಮೇಲೆ ಹತ್ತುತ್ತಿದ್ದ.

ಅಂದು ಮಧ್ಯಾಹ್ನವೇ ಪೇಟೆಯ ಬಡಗಿಗಳು ಬಂದರು. ಮೇಜರರ ಊಟದ ಕೋಣೆಯ ಕಿಟಕಿ ಚೌಕಟ್ಟು ಸಮೇತ ಇಳಿದು, ಹುಲ್ಲಿನಲ್ಲಿ ಸುತ್ತಿಕೊಂಡು, ಹೋಳು ಇಳಿಸಿ ಖಾಲಿಯಾಗಿದ್ದ ಗಾಡಿಯನ್ನು ಏರಿತು. ಇಟ್ಟಿಗೆ ಗೋಡೆಯಲ್ಲಿ ಉಳಿದ ತೂತಿಗೆ ತಾತ್ಕಾಲಿಕವಾಗಿ ಹಂದಿಕೊಬ್ಬು ಸವರಿದ ಕಾಗದ ಅಂಟಿಸಿದರು. ಬೀದಿಯಲ್ಲಿ ಜಯಕಾರ ಎದ್ದಿತು. ಮೇಜರ್ ಮರುಕ್ಷಣವೇ ಮೆಟ್ಟಿಲ ಮೇಲೆ ಬಂದು ಟೊಪ್ಪಿ ತೆಗೆದು, ನಾನೂ ನಿಮ್ಮಂತೆಯೇ ಕಾಗದದ ಕಿಟಕಿಯವನು ಎಂದು ಒಂದು ಸಣ್ಣ ಭಾಷಣ ಮಾಡಿದರು. ಅದಕ್ಕೂ ಚಪ್ಪಾಳೆ ಬಿತ್ತು.

ಪೆಟಿಫೋರ್ಡ್ ಅದನ್ನು ಕೂರಿಸಲು ಬಂದು, ದಕ್ಷಿಣದ ಗೋಡೆಯ ಹೋಳುಗಳನ್ನೆಲ್ಲ ಕಿತ್ತು ಗುಡ್ಡೆ ಹಾಕಿದ. ಕೆಳಗಿನ ಬಿಳಿ ಬಣ್ಣ ಕಪ್ಪು ಬೂಷ್ಟಾಗಿ, ಹಲಗೆ ಮೆತ್ತಗಾಗಿತ್ತು. ಕಿಟಕಿ ಅರಮನೆಯ ಅಳತೆಯದು. ಅದಕ್ಕಾಗಿ ಗೋಡೆಯನ್ನು ಸೂರಿನವರೆಗೆ ಕೊಯ್ಯಬೇಕಾಯಿತು.

"ರಸ್ತೆ ಕಡೆ ತೊಗಟೆ ತೆಗೀಲಾ ಅಮ್ಮಾವ್ರೇ?"

"ಬೇಡ. ಆ ಕಡೆ ಅವರ ಪಕ್ಷ ಇರ್ಲಿ. ಈ ಕಡೆ ನಾನಿರ್ತೀನಿ." ಒಂದು ಕ್ಷಣ ಬಿಟ್ಟು ಹೇಳಿದಳು. "ನಿಮ್ಮನೇಲಿರೋ ಕಿಟಕಿ ನಿಮ್ದು ಅಂತ ಯಜಮಾನ್ರು ಬಂದಾಗ ನಾನೇ ಹೇಳ್ತೀನಿ. ನೀನು ಚಾರಿಟಿಗೆ ಹೇಳು."

"ಅವಳಿಗೆ ಆಗ್ಲೇ ಗೊತ್ತು" ಎಂದ ಪೆಟಿಫೋರ್ಡ್. "ಪರದೆ ಹೊಲಿದು ಹಾಕಿದಾಳೆ."

ತಿಂಗಳ ಕೊನೆಯಲ್ಲಿ ಅಸಾಹೆಲ್ ಬಂದ. ರಸ್ತೆಯಿಂದ ತನ್ನ ಗುಡಿಸಲನ್ನು ನೋಡಿ ನಕ್ಕ. ಒಳಗೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದ.

"ಇದೇನೇ ಇಷ್ಟು ಬೆಳಕು?"

"ನಿಮ್ಮ ಪಕ್ಷದ್ದು. ಆ ಕೋಟು ಬಿಚ್ಚಿ, ಕೊಡಿ ಇಲ್ಲಿ. ದೀಪದಲ್ಲಿ ಹೊಲಿದಿದ್ದು, ಹೆಂಗಾಗಿದೆಯೋ ನೋಡೋಣ."

ಕಿಟಕಿಯ ಮುಂದೆ ಹಿಡಿದಾಗ ಅವಳು ಉಸಿರು ಬಿಟ್ಟಳು. ಎಡ ಹೆಗಲು ಕಂದು ದಾರ, ಬಲ ಹೆಗಲು ಕುಂಕುಮ ಕೆಂಪು. ಒಂದು ತೋಳಿನ ಬಟ್ಟೆ ಒಳಮೈ ಹೊರಗಾಗಿತ್ತು. ಎಡ ಜೇಬಿನ ಬಾಯಿಯನ್ನೇ ಸೇರಿಸಿ ಹೊಲಿದುಬಿಟ್ಟಿದ್ದಳು.

"ಇದನ್ನ ಹಾಕ್ಕೊಂಡು ಮೂರು ತಿಂಗಳು ಸಭೇಲಿ ಕೂತ್ರಾ?"

"ಏನಂದ್ಕೊಂಡಿದೀಯ? ಅಸಲು ಗುಡಿಸಲಿನ ಕೋಟು ಅಂತ ಎಲ್ಲಾ ಮುಟ್ಟಿಮುಟ್ಟಿ ನೋಡೋರು. ಇಬ್ರು ಶಾಸಕರು ತಮಗೂ ಹಿಂಗೇ ಬೇಕು ಅಂದಿದಾರೆ." ಅಸಾಹೆಲ್ ಬೂಟು ಕಳಚುತ್ತ ಹೇಳಿದ. "ಆ ಎಡ ಜೇಬು ಮಾತ್ರ ಬಾಯೇ ಬಿಡಲ್ಲ ಕಣೇ. ರೈಲುಕಂಪನಿ ಏಜೆಂಟನೊಬ್ಬ ಏನೋ ಹಾಕೋಕೆ ಬಂದು, ಆಗ್ದೆ ಹಿಂದೆ ಹೋದ. ಅವತ್ತಿಂದ ಕೊಲಂಬಸ್ಸಲ್ಲೆಲ್ಲ ನನ್ನ ಪ್ರಾಮಾಣಿಕತೆ ಮಾತೇ ಮಾತು."

ಕೆಟುರಾ ಬಿಚ್ಚುವುದಕ್ಕೆಂದು ಕತ್ತರಿ ಎತ್ತಿಕೊಂಡಿದ್ದಳು. ಅದನ್ನು ಕೆಳಗಿಟ್ಟಳು. ಸೂಜಿ ತೆಗೆದುಕೊಂಡು, ಬೆಳಕಿಗೆ ಹಿಡಿದು, ಒಂದೇ ಸಲಕ್ಕೆ ದಾರ ಪೋಣಿಸಿ, ಬಲ ಜೇಬಿನ ಬಾಯಿಯನ್ನೂ ಸಣ್ಣ, ಒತ್ತಾದ ಹೊಲಿಗೆಯಲ್ಲಿ ಮುಚ್ಚತೊಡಗಿದಳು.